ಷಟ್ಪದಿ ಬಾಯಿಪಾಠ, ಕೊಡೆಯ ಹೆಸರು ಮಾತ್ರ ಬಾರದು: ಡಿಮೆನ್ಷಿಯಾದಲ್ಲಿ ಮಾತು ಹೇಗೆ ಕೆಡುತ್ತದೆ?

ಪ್ರಶ್ನೆ: ನನ್ನ ತಂದೆಗೆ 70 ವರ್ಷ. ಪುತ್ತೂರಿನ ಬಳಿಯ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ಮನೆಮಾತು ತುಳು. ಅಮ್ಮ ತೀರಿಕೊಂಡ ಮೇಲೆ ಬೆಂಗಳೂರಿನಲ್ಲಿ ನಮ್ಮ ಜೊತೆಗಿದ್ದಾರೆ. ಸುಮಾರು ಎರಡು ವರ್ಷಗಳಿಂದ ಅವರಿಗೆ ಮಾತಿನ ನಡುವೆ ಶಬ್ದಗಳು ಸಿಗುತ್ತಿಲ್ಲ. ಕೊಡೆ ಬೇಕೆಂದರೆ "ಅದು, ಮಳೆಗೆ ಹಿಡಿಯುತ್ತಾರಲ್ಲ, ಅದು" ಎನ್ನುತ್ತಾರೆ. ನಾನು "ಕೊ" ಎಂದರೆ ಸಾಕು, "ಹಾಂ, ಕೊಡೆ" ಎಂದು ಪೂರ್ತಿ ಮಾಡುತ್ತಾರೆ. ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಪಿಂಚಣಿಗೆ ಕೊಡಬೇಕಾದ ಜೀವಿತ ಪ್ರಮಾಣಪತ್ರದ ಅರ್ಜಿಯನ್ನು ಈ ಸಲ ಅರ್ಧಕ್ಕೇ ಬಿಟ್ಟು ಕುಳಿತರು. ತುಳು ಬಾರದ ಮೊಮ್ಮಕ್ಕಳ ಜೊತೆ ತುಳುವಿನಲ್ಲೇ ಮಾತಾಡುತ್ತಾರೆ. ಆದರೆ ಸಂಜೆ ಕುಳಿತರೆ ಭಾಮಿನಿ ಷಟ್ಪದಿಯ ಪದ್ಯಗಳನ್ನು ಅರ್ಧ ಗಂಟೆ ತಪ್ಪಿಲ್ಲದೆ ಹೇಳುತ್ತಾರೆ, ಹತ್ತೊಂಬತ್ತರ ಮಗ್ಗಿಯನ್ನೂ ಒಪ್ಪಿಸುತ್ತಾರೆ. ಹಾಗಾಗಿ ನನ್ನ ಯಜಮಾನರಿಗೆ ಇದರಲ್ಲಿ ಅರ್ಧ ನಾಟಕವೆಂಬ ಅನುಮಾನ. ನಾಲ್ಕು ಭಾಷೆ ತಲೆಗೆ ತುಂಬಿಕೊಂಡದ್ದರಿಂದ ಹೀಗಾಗಿದೆ, ಇನ್ನು ತುಳು ಬಿಡಿಸಿ ಕನ್ನಡವೊಂದನ್ನೇ ಆಡಿಸಿ ಎಂದು ಸೋದರಮಾವ ಹೇಳುತ್ತಾರೆ. ಹತ್ತಿರದ ವೈದ್ಯರು ವಯಸ್ಸಿನ ಮರೆವು ಎಂದು ಬಿ12 ಇಂಜೆಕ್ಷನ್ ಮತ್ತು ನರಗಳ ಟಾನಿಕ್ ಕೊಟ್ಟಿದ್ದಾರೆ. ಎಂಆರ್‌ಐ ವರದಿಯಲ್ಲಿ "ವಯೋಸಹಜ ಕುಗ್ಗುವಿಕೆ" ಎಂದಿದೆ. ಅವರಿಗೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಇದೆ, ಅಲರ್ಜಿಗೆಂದು ರಾತ್ರಿ ಒಂದು ಮಾತ್ರೆ ತೆಗೆದುಕೊಳ್ಳುತ್ತಾರೆ, ಕಿವಿಯೂ ಸ್ವಲ್ಪ ಮಂದ. ಅಮೆರಿಕದಲ್ಲಿರುವ ತಮ್ಮ ಅಲ್ಲಿ ಬಂದಿರುವ ಹೊಸ ಇಂಜೆಕ್ಷನ್ ಕೊಡಿಸೋಣವೇ ಎಂದು ಕೇಳುತ್ತಿದ್ದಾನೆ. ತಪ್ಪಾಡಿದಾಗ ನಾನು ತಿದ್ದಬೇಕೇ, ಸುಮ್ಮನಿರಬೇಕೇ? ಇದು ಏನು, ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಮನೆಯವರನ್ನು ನಿಜವಾಗಿ ಕಾಡುತ್ತಿರುವುದು ಒಂದೇ ಸಂಗತಿಯೆಂದು ತೋರುತ್ತದೆ: ಇಷ್ಟೆಲ್ಲ ನೆನಪಿರುವವರು ಅಷ್ಟು ಚಿಕ್ಕದನ್ನು ಹೇಗೆ ಮರೆಯುತ್ತಾರೆ? ನರರೋಗಗಳ ಹೊರರೋಗಿ ವಿಭಾಗದಲ್ಲಿ ಈ ಪ್ರಶ್ನೆಯನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಹಿರಿಯರ ಮೇಲೆ ಮನೆಯವರಿಗೆ ಸಿಟ್ಟು ಹುಟ್ಟುವುದೂ ಬಹುಮಟ್ಟಿಗೆ ಇಲ್ಲಿಂದಲೇ. ಆದ್ದರಿಂದ ಮೊದಲು ಇದಕ್ಕೇ ಉತ್ತರಿಸುತ್ತೇನೆ. ನಿಮ್ಮ ತಂದೆ ನಾಟಕವಾಡುತ್ತಿಲ್ಲ. ಪತ್ರವನ್ನು ಓದಿ ರೋಗವನ್ನು ನಿರ್ಣಯಿಸಲು ನನಗೆ ಸಾಧ್ಯವಿಲ್ಲ, ಆದರೆ ನೀವು ವಿವರಿಸಿರುವ ಈ ಏರುಪೇರು ಮಾತ್ರ ಮೆದುಳಿನ ರಚನೆಯನ್ನು ಬಲ್ಲವರಿಗೆ ಅಚ್ಚರಿಯದಲ್ಲ.

ಬಾಯಿಪಾಠವಾಗಿರುವ ಪದ್ಯವನ್ನು ಹೇಳುವುದಕ್ಕೂ ಎದುರಿಗಿರುವ ವಸ್ತುವಿನ ಹೆಸರು ಹೇಳುವುದಕ್ಕೂ ಮೆದುಳು ಬಳಸುವ ದಾರಿಗಳು ಬೇರೆ. ಮಗ್ಗಿ, ವಾರಗಳ ಹೆಸರು, ಸಂವತ್ಸರಗಳು, ನಲವತ್ತು ವರ್ಷ ತರಗತಿಯಲ್ಲಿ ಹೇಳಿಕೊಟ್ಟ ಷಟ್ಪದಿ ಇವೆಲ್ಲ ಸರಪಳಿಯಂತೆ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಮೊದಲ ಸಾಲು ಬಂದರೆ ಎರಡನೆಯದು ತಾನಾಗಿ ಬರುತ್ತದೆ, ನಡುವೆ ಆಯ್ಕೆಯ ಪ್ರಶ್ನೆಯೇ ಇರುವುದಿಲ್ಲ. ಲಯ ಮತ್ತು ರಾಗಗಳಿಗೆ ಬಲ ಅರೆಗೋಳದ ನೆರವಿರುತ್ತದೆ, ಅಭ್ಯಾಸದಿಂದ ಬಂದ ಚಲನೆಗಳಿಗೆ ಮೆದುಳಿನ ಆಳದಲ್ಲಿರುವ ನರಗಂಟುಗಳ ನೆರವಿರುತ್ತದೆ, ಮತ್ತು ಡಿಮೆನ್ಷಿಯಾಕ್ಕೆ, ಅಂದರೆ ನೆನಪು, ಮಾತು, ಯೋಚನೆಗಳು ಕ್ರಮೇಣ ಕುಂದುವ ಸ್ಥಿತಿಗೆ, ಅತಿ ಸಾಮಾನ್ಯ ಕಾರಣವಾದ ಆಲ್ಝೈಮರ್ ಕಾಯಿಲೆಯಲ್ಲಿ ಇಂಥ ಅಭ್ಯಾಸದ ಸಾಮರ್ಥ್ಯ ಸಾಮಾನ್ಯವಾಗಿ ಹೆಚ್ಚು ಕಾಲ ಉಳಿಯುತ್ತದೆ. ಕೊಡೆಯನ್ನು ಕಂಡು ಅದರ ಹೆಸರು ಹೇಳುವಾಗ ಹಾಗಲ್ಲ. ಕಣ್ಣಿಗೆ ಬಿದ್ದದ್ದು ಏನೆಂದು ಗುರುತಿಸಬೇಕು, ಅದರ ಅರ್ಥವನ್ನು ಹುಡುಕಬೇಕು, ಆ ಅರ್ಥಕ್ಕೆ ಹೊಂದುವ ಹಲವಾರು ಸಮೀಪದ ಶಬ್ದಗಳ ನಡುವೆ ಒಂದನ್ನು ಆರಿಸಿ ಉಳಿದವನ್ನು ತಡೆಯಬೇಕು, ಆ ಶಬ್ದದ ಧ್ವನಿಗಳನ್ನು ಕ್ರಮವಾಗಿ ಜೋಡಿಸಬೇಕು, ಆಮೇಲೆ ನಾಲಿಗೆ ತುಟಿಗಳಿಗೆ ಅಪ್ಪಣೆ ಹೋಗಬೇಕು. ಇಷ್ಟೂ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ, ಬಹುತೇಕ ಎಡ ಅರೆಗೋಳದಲ್ಲಿ ನಡೆಯುತ್ತದೆ. ಈ ಸಾಲಿನ ಯಾವುದೇ ಒಂದು ಹಂತ ಸಡಿಲಾದರೂ ಹೊರಗೆ ಕಾಣುವುದು ಒಂದೇ ಫಲ: ಹೆಸರು ಬಾರದು.

ಯಾವ ಹಂತ ಸಡಿಲಾಗಿದೆ ಎಂಬುದನ್ನು ತಿಳಿಯಲು ನಿಮ್ಮ ಪತ್ರದಲ್ಲಿರುವ ಒಂದು ಸಣ್ಣ ವಿವರ ನನಗೆ ಎಂಆರ್‌ಐ ವರದಿಗಿಂತ ಹೆಚ್ಚು ಉಪಯುಕ್ತವಾಗಿ ಕಂಡಿತು. "ಕೊ" ಎಂದೊಡನೆ ಅವರು ಕೊಡೆ ಎನ್ನುತ್ತಾರೆ. ಅದಕ್ಕೂ ಮುಂಚೆ, ಅದು ಮಳೆಗೆ ಹಿಡಿಯುವ ವಸ್ತು ಎಂದು ವಿವರಿಸುತ್ತಾರೆ. ಎಂದರೆ ಉಗ್ರಾಣದಲ್ಲಿ ಸಾಮಾನು ಇದೆ, ಬೀಗದ ಕೈ ಮಾತ್ರ ಕೈಗೆ ಸಿಗುತ್ತಿಲ್ಲ. ಇನ್ನೊಂದು ಬಗೆಯ ರೋಗಿಗಳಲ್ಲಿ ಸಾಮಾನೇ ಕರಗಿಹೋಗುತ್ತದೆ. ಅವರಿಗೆ ಮೊದಲ ಅಕ್ಷರವನ್ನು ಕೊಟ್ಟರೂ ಪ್ರಯೋಜನವಿಲ್ಲ; ಪೂರ್ತಿ ಶಬ್ದವನ್ನು ಹೇಳಿದರೂ "ಕೊಡೆಯೇ? ಕೊಡೆ ಎಂದರೆ ಏನು?" ಎಂದು ಸರಾಗವಾದ, ವ್ಯಾಕರಣಶುದ್ಧವಾದ ಕನ್ನಡದಲ್ಲಿ ಕೇಳುತ್ತಾರೆ. ಎಡಗಡೆಯ ಕಪೋಲಭಾಗದ, ಅಂದರೆ ಕಿವಿಯ ಒಳಬದಿಯಲ್ಲಿರುವ ಮೆದುಳಿನ ಹಾಲೆಯ, ಮುಂತುದಿ ಕುಗ್ಗಿದಾಗ ಹೀಗಾಗುತ್ತದೆ. ಇಂಥ ಒಬ್ಬ ರೋಗಿಯನ್ನು ಪ್ರಾಗ್ ನಗರದಲ್ಲಿ ಆರ್ನಾಲ್ಡ್ ಪಿಕ್ 1892ರಲ್ಲಿಯೇ ವರ್ಣಿಸಿದ್ದರು.

ಆಲ್ಝೈಮರ್ ಕಾಯಿಲೆಯಲ್ಲಿ ಆಗುವುದು ಎರಡು. ಜೀವಕೋಶಗಳ ಹೊರಗೆ ಅಮಿಲಾಯ್ಡ್ ಎಂಬ ಪ್ರೋಟೀನು ಗಡ್ಡೆಕಟ್ಟುತ್ತದೆ, ಒಳಗೆ ಟೌ ಎಂಬ ಪ್ರೋಟೀನು ಸಿಕ್ಕುಸಿಕ್ಕಾಗಿ ಕೋಶದ ಸಾಗಾಟವನ್ನು ಕೆಡಿಸುತ್ತದೆ. ಅಲೋಯ್ಸ್ ಆಲ್ಝೈಮರ್ 1906ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಸಭೆಯ ಮುಂದಿಟ್ಟದ್ದು ಇವೆರಡನ್ನೇ. ಅವರು 1901ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಮೊದಲು ಪರೀಕ್ಷಿಸಿದ 51 ವರ್ಷದ ಆ ಮಹಿಳೆಗೆ ತನ್ನ ಹೆಸರನ್ನೂ ಪೂರ್ತಿ ಬರೆಯಲಾಗುತ್ತಿರಲಿಲ್ಲ. ಟೌ ಸಿಕ್ಕುಗಳು ಹರಡುವ ಹಾದಿಯನ್ನು 1991ರಲ್ಲಿ ಹೈಕೋ ಮತ್ತು ಈವಾ ಬ್ರಾಕ್ ದಂಪತಿ ಹಂತಹಂತವಾಗಿ ಗುರುತಿಸಿದರು: ಮೊದಲು ಹಿಪೊಕ್ಯಾಂಪಸ್ ಎಂಬ ನೆನಪಿನ ಭಾಗದ ಬಾಗಿಲಲ್ಲಿ, ಆಮೇಲೆ ಹಿಪೊಕ್ಯಾಂಪಸ್‌ನಲ್ಲಿ, ಆಮೇಲೆ ಕಪೋಲ ಮತ್ತು ನಡುನೆತ್ತಿಯ ಭಾಗಗಳಲ್ಲಿ, ಮುಂದೆ ಹಣೆಯ ಹಿಂಬದಿಯಲ್ಲಿ. ಹಿಪೊಕ್ಯಾಂಪಸ್ ಇಂದಿನ ಸಂಗತಿಯನ್ನು ನಾಳೆಗೆ ಉಳಿಸಿಕೊಡುವ ಜಾಗ. ಅದು ಕೆಟ್ಟಾಗ ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರ ದಾಖಲಾಗುವುದೇ ಇಲ್ಲ. ಹಾಗಾಗಿ ಹತ್ತು ನಿಮಿಷದ ಮೇಲೆ ಅದೇ ಪ್ರಶ್ನೆ ಅವರ ಪಾಲಿಗೆ ಹೊಸದು. ಐವತ್ತು ವರ್ಷಗಳ ಹಿಂದೆ ಕಲಿತದ್ದು ಆಗಲೇ ಮೆದುಳಿನ ಹೊರಪದರದಲ್ಲಿ ನೆಲೆಗೊಂಡಿರುವುದರಿಂದ ಹೆಚ್ಚು ಕಾಲ ಉಳಿಯುತ್ತದೆ. ಈ ಬದಲಾವಣೆಗಳು ಲಕ್ಷಣ ಕಾಣುವುದಕ್ಕೆ ಹತ್ತು ಹದಿನೈದು ವರ್ಷ ಮೊದಲೇ ಶುರುವಾಗಿರುತ್ತವೆ. ಆದ್ದರಿಂದ ನಿಮ್ಮ ಬಂಧುಗಳಲ್ಲಿ ಯಾರಾದರೂ "ಬೆಂಗಳೂರಿಗೆ ಕರೆತಂದದ್ದೇ ತಪ್ಪಾಯಿತು" ಎಂದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಜಾಗ ಬದಲಾದಾಗ, ಜೊತೆಗಾತಿ ಹೋದಾಗ, ಅಷ್ಟು ದಿನ ಮುಚ್ಚಿಕೊಂಡಿದ್ದ ಕೊರತೆ ಹೊರಗೆ ಕಾಣಿಸಿಕೊಳ್ಳುವುದು ಸಾಮಾನ್ಯ, ಏಕೆಂದರೆ ಹಲವು ಮನೆಗಳಲ್ಲಿ ಗಂಡನ ಅರ್ಧ ನೆನಪನ್ನು ಹೆಂಡತಿಯೇ ನಡೆಸುತ್ತಿರುತ್ತಾರೆ.

ಮಾತಿನ ತೊಂದರೆಯ ಇನ್ನೊಂದು ಬೇರು ಯೋಚನೆಯಲ್ಲಿದೆ. ಮಾತಾಡುವಾಗ, ಕೇಳುವಾಗ, ಈಗಷ್ಟೇ ಬಂದ ತುಣುಕುಗಳನ್ನು ಕೆಲವು ಸೆಕೆಂಡು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ನಮಗೆ ಬೇಕು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಿಶೇಷಣಗಳೆಲ್ಲ ನಾಮಪದಕ್ಕೆ ಮೊದಲೇ ಸಾಲುಗಟ್ಟುತ್ತವೆ. "ಮೊನ್ನೆ ಮದುವೆಗೆ ಬಂದಿದ್ದ ದೊಡ್ಡಪ್ಪನ ಮಗ ಕೊಟ್ಟುಹೋದ ಚೀಲವನ್ನು ಅಟ್ಟದ ಮೇಲಿಟ್ಟಿರಾ?" ಎಂಬ ವಾಕ್ಯವನ್ನು ಅರ್ಥಮಾಡಿಕೊಳ್ಳಲು ಕೊನೆಯ ಶಬ್ದದವರೆಗೂ ಅಷ್ಟನ್ನೂ ಹೊತ್ತುಕೊಂಡಿರಬೇಕು. ಹೊರುವ ಶಕ್ತಿ ಕುಗ್ಗಿದವರಿಗೆ ಕೊನೆಗೆ ಕೇಳುವುದು "ಅಟ್ಟದ ಮೇಲಿಟ್ಟಿರಾ" ಎಂಬುದಷ್ಟೇ. ಏನನ್ನು ಎಂಬುದು ಜಾರಿಹೋಗಿರುತ್ತದೆ. ಅವರು "ಹೂಂ" ಎಂದುಬಿಡುತ್ತಾರೆ, ನೀವು ಅಟ್ಟವನ್ನೆಲ್ಲ ಹುಡುಕುತ್ತೀರಿ, ಕೊನೆಗೆ ಸುಳ್ಳು ಹೇಳಿದರು ಎಂಬ ಆಪಾದನೆ ಅವರ ಮೇಲೆ. ಅರ್ಜಿ ತುಂಬುವಾಗ ಆದದ್ದೂ ಇದರ ಹತ್ತಿರದ ಸಂಗತಿಯೇ. ಅರ್ಜಿಯೆಂದರೆ ಬರೀ ಓದುವುದಲ್ಲ. ಯಾವ ಕಲಮಿಗೆ ಏನು ಬೇಕು, ಅದು ಯಾವ ಕಾಗದದಲ್ಲಿದೆ, ತಾನು ಎಲ್ಲಿಗೆ ಬಂದಿದ್ದೆ ಎಂಬುದನ್ನೆಲ್ಲ ಏಕಕಾಲಕ್ಕೆ ನಿಭಾಯಿಸಬೇಕು. ಕನ್ನಡ ಪಂಡಿತರೊಬ್ಬರು ಕನ್ನಡದ ಅರ್ಜಿಯ ಮುಂದೆ ಸೋತು ಕುಳಿತದ್ದಕ್ಕೆ ಅಕ್ಷರಜ್ಞಾನ ಹೋದದ್ದು ಕಾರಣವಾಗಿರಬೇಕಿಲ್ಲ.

ಎಲ್ಲ ಡಿಮೆನ್ಷಿಯಾಗಳೂ ಒಂದೇ ದಾರಿಯಲ್ಲಿ ನಡೆಯುವುದಿಲ್ಲ. ಹಣೆಯ ಎಡಭಾಗದ ಹಿಂದೆ ಶುರುವಾಗುವ ಒಂದು ಬಗೆಯಲ್ಲಿ ಅರ್ಥಗಳೆಲ್ಲ ಸರಿಯಿದ್ದು ಮಾತಿನ ಕಟ್ಟು ಒಡೆಯುತ್ತದೆ: ವಿಭಕ್ತಿ ಪ್ರತ್ಯಯಗಳು ಬಿದ್ದುಹೋಗುತ್ತವೆ, "ಅವಳು ಬಂದನು" ಎಂಬಂಥ ತಪ್ಪುಗಳು ಬರುತ್ತವೆ, ಒಂದೊಂದು ಶಬ್ದಕ್ಕೂ ಬಾಯಿ ತಿಣುಕುತ್ತದೆ. ಕಪೋಲಭಾಗ ನಡುನೆತ್ತಿಯನ್ನು ಸೇರುವಲ್ಲಿ ಶುರುವಾಗುವ ಮತ್ತೊಂದು ಬಗೆಯಲ್ಲಿ ವ್ಯಾಕರಣ ಉಳಿದು, ಶಬ್ದ ಹುಡುಕಲು ನಡುನಡುವೆ ಮಾತು ನಿಲ್ಲುತ್ತದೆ, ಉದ್ದದ ವಾಕ್ಯವನ್ನು ಕೇಳಿ ಹಾಗೆಯೇ ಮತ್ತೆ ಹೇಳಲಾಗುವುದಿಲ್ಲ. ಇದರ ತಳದಲ್ಲಿ ಹೆಚ್ಚಾಗಿ ಇರುವುದು ಆಲ್ಝೈಮರ್ ಕಾಯಿಲೆಯೇ. ಹೀಗೆ ಮಾತೇ ಮೊದಲು ಕೆಡುವ ರೋಗಿಗಳನ್ನು 1982ರಲ್ಲಿ ಮಾರ್ಸೆಲ್ ಮೆಸುಲಂ ಪ್ರತ್ಯೇಕವಾಗಿ ಗುರುತಿಸಿದ ಮೇಲೆ ಈ ಭೇದಗಳು ಸ್ಪಷ್ಟವಾಗುತ್ತ ಬಂದವು. ಸಣ್ಣ ರಕ್ತನಾಳಗಳು ಕಟ್ಟಿಕೊಂಡು ಬರುವ ಡಿಮೆನ್ಷಿಯಾದಲ್ಲಿ ಯೋಚನೆಯ ವೇಗ ತಗ್ಗುತ್ತದೆ. ಉತ್ತರ ಬರುತ್ತದೆ, ಆದರೆ ನಿಧಾನವಾಗಿ. ಲೂಯಿ ಬಾಡಿ ಎಂಬ ಬಗೆಯಲ್ಲಿ ಒಂದು ದಿನ ಚುರುಕು, ಮರುದಿನ ಮಂಕು, ಜೊತೆಗೆ ಇಲ್ಲದ ಮನುಷ್ಯರೋ ಪ್ರಾಣಿಗಳೋ ಕಣ್ಣಿಗೆ ಕಾಣುವುದು. ನಿಮ್ಮ ತಂದೆಯ ಚಿತ್ರ, ನೀವು ಬರೆದಷ್ಟರ ಮಟ್ಟಿಗೆ, ಆಲ್ಝೈಮರ್ ಕಡೆಗೆ ವಾಲುತ್ತದೆ. ಇದಕ್ಕಿಂತ ಹೆಚ್ಚು ಹೇಳಲು ಅವರನ್ನು ಕೂರಿಸಿ ಪರೀಕ್ಷಿಸಬೇಕು.

"ವಯಸ್ಸಿನ ಮರೆವು" ಎಂಬ ಮಾತಿನ ಬಗ್ಗೆ ನನಗೆ ಮೊದಲಿನಿಂದಲೂ ತಕರಾರಿದೆ. ಅರುವತ್ತರ ಅರಳುಮರಳು ಎಂದು ಹೇಳುತ್ತ ನಾವು ಎರಡು ಬಗೆಯ ಜನರಿಗೂ ಅನ್ಯಾಯ ಮಾಡುತ್ತೇವೆ. ರೋಗವಿದ್ದವರಿಗೆ ಪರೀಕ್ಷೆ ತಪ್ಪುತ್ತದೆ, ಇಲ್ಲದವರಿಗೆ ಭಯ ಹುಟ್ಟುತ್ತದೆ. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು ಶೇಕಡಾ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ, ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು ಹೇಳುತ್ತದೆ. ದೊಡ್ಡ ಸಂಖ್ಯೆಯೇ, ಆದರೆ ಬಹುಪಾಲು ಹಿರಿಯರಿಗೆ ಅದಿಲ್ಲ ಎಂದೂ ಅದರ ಅರ್ಥ. ವಯಸ್ಸಾದ ಆರೋಗ್ಯವಂತರಿಗೂ ಹೆಸರುಗಳು ತಡವಾಗುತ್ತವೆ, ಹೆಚ್ಚಾಗಿ ಮನುಷ್ಯರ ಮತ್ತು ಊರುಗಳ ಹೆಸರು. ಸಂಜೆಯ ಹೊತ್ತಿಗೆ ತಾನಾಗಿ ನೆನಪಾಗುತ್ತದೆ, ದಿನನಿತ್ಯದ ಕೆಲಸ ನಿಲ್ಲುವುದಿಲ್ಲ. ದಿನಬಳಕೆಯ ವಸ್ತುಗಳ ಹೆಸರೇ ಹೋಗುವುದು, ಹಿಂದೆ ಲೀಲಾಜಾಲವಾಗಿ ಮಾಡುತ್ತಿದ್ದ ಕೆಲಸ ಅರ್ಧಕ್ಕೇ ನಿಲ್ಲುವುದು, ಎರಡು ವರ್ಷಗಳಲ್ಲಿ ಅದು ಹೆಚ್ಚುತ್ತ ಹೋಗುವುದು, ಇವು ವಯಸ್ಸಿನ ಲೆಕ್ಕಕ್ಕೆ ಸೇರುವುದಿಲ್ಲ. ಎಂಆರ್‌ಐ ವರದಿಯ "ವಯೋಸಹಜ ಕುಗ್ಗುವಿಕೆ" ಎಂಬ ಸಾಲು ರೋಗವಿಲ್ಲವೆಂಬ ಪ್ರಮಾಣಪತ್ರವಲ್ಲ. ಆರಂಭದ ಹಂತದಲ್ಲಿ ಚಿತ್ರ ಬಹುತೇಕ ಸಹಜವಾಗಿಯೇ ಕಾಣಬಹುದು. ಹಿಪೊಕ್ಯಾಂಪಸ್ ಎಷ್ಟು ಕುಗ್ಗಿದೆ, ಎಡ ಬಲಗಳಲ್ಲಿ ವ್ಯತ್ಯಾಸವಿದೆಯೇ ಎಂದು ನೋಡುವಂತೆ ನಿರ್ದಿಷ್ಟವಾಗಿ ಕೇಳಿದರೆ ಅದೇ ಫಿಲ್ಮಿನಲ್ಲಿ ಹೆಚ್ಚು ಸಂಗತಿ ಸಿಗುವುದುಂಟು.

ಇನ್ನು ನಿಮ್ಮ ಸೋದರಮಾವನವರ ಮಾತು. ಹೆಚ್ಚು ಭಾಷೆಗಳಿಂದ ಮೆದುಳು ದಣಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ, ಬದಲಿಗೆ ಅದರ ವಿರುದ್ಧದ ಪುರಾವೆ ನಮ್ಮ ನೆರೆಯಿಂದಲೇ ಬಂದಿದೆ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಲಕ್ಷಣಗಳು ಶುರುವಾಗಿದ್ದವು. ಶಾಲೆಗೆ ಹೋಗದವರಲ್ಲೂ ಈ ವ್ಯತ್ಯಾಸ ಕಂಡದ್ದರಿಂದ ಇದನ್ನು ಬರೀ ವಿದ್ಯಾಭ್ಯಾಸದ ಫಲವೆನ್ನುವಂತಿಲ್ಲ. ಬಹುಭಾಷೆ ರೋಗವನ್ನು ತಡೆಯುತ್ತದೆ ಎಂದು ಇದರಿಂದ ತಿಳಿಯಬೇಕಿಲ್ಲ; ರೋಗ ಇದ್ದೂ ಮೆದುಳು ಇನ್ನಷ್ಟು ಕಾಲ ತಾಳಿಕೊಳ್ಳುತ್ತದೆ ಎಂಬುದು ಸದ್ಯದ ವಿವರಣೆ. ನಿಮ್ಮ ತಂದೆಯ ನಾಲ್ಕು ಭಾಷೆಗಳು ಅವರಿಗೆ ಕೆಡುಕು ಮಾಡಿಲ್ಲ.

ಹಾಗಾದರೆ ಮೊಮ್ಮಕ್ಕಳ ಜೊತೆ ತುಳುವೇಕೆ? ಹಲವು ಭಾಷೆ ಬಲ್ಲವರು ಬಾಯಿ ತೆರೆದಾಗಲೆಲ್ಲ ಎಲ್ಲ ಭಾಷೆಗಳೂ ಏಕಕಾಲಕ್ಕೆ ಎದ್ದು ನಿಲ್ಲುತ್ತವೆ, ಎದುರಿಗಿರುವವರು ಯಾರೆಂದು ನೋಡಿ ಒಂದನ್ನು ಬಿಟ್ಟು ಉಳಿದವನ್ನು ತಡೆಹಿಡಿಯುವುದು ಹಣೆಯ ಹಿಂದಿನ ಭಾಗದ ಕೆಲಸ. ಆ ಹಿಡಿತ ಸಡಿಲಾದಾಗ ಬಾಲ್ಯದಿಂದ ಬಂದ ಭಾಷೆ ಮುಂದೆ ನುಗ್ಗುವುದು ಹಲವರಲ್ಲಿ ಕಾಣುತ್ತದೆ. ಇದು ಎಲ್ಲರಿಗೂ ಹೀಗೆಯೇ ಎಂದಲ್ಲ. ಜೀವಮಾನವಿಡೀ ಹೆಚ್ಚು ಬಳಸಿದ ಭಾಷೆಯೇ ಕೆಲವರಲ್ಲಿ ಕೊನೆಯವರೆಗೆ ಉಳಿಯುತ್ತದೆ, ನಿಮ್ಮ ತಂದೆಯ ವಿಷಯದಲ್ಲಿ ಅದು ಕನ್ನಡವೂ ಆಗಬಹುದು. ಏನೇ ಇರಲಿ, ತುಳುವನ್ನು ಬಿಡಿಸುವ ಪ್ರಯತ್ನ ಬೇಡವೇ ಬೇಡ. ಸರಾಗವಾಗಿ ಬರುವ ಭಾಷೆಯನ್ನು ಕಿತ್ತುಕೊಂಡರೆ ಅವರಿಗೆ ಉಳಿಯುವುದು ಮೌನ. ನಿಮಗೆ ತುಳು ಬರುವುದಾದರೆ ನೀವೇ ತುಳುವಿನಲ್ಲಿ ಮಾತಾಡಿ, ಮಕ್ಕಳಿಗೂ ನಾಲ್ಕು ಮಾತು ಕಲಿಸಿ. ಪರೀಕ್ಷೆಗೆ ಕರೆದೊಯ್ದಾಗ ಮನೆಮಾತು ತುಳು ಎಂಬುದನ್ನು ಮೊದಲೇ ಹೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೇತೃತ್ವದಲ್ಲಿ ಸಿದ್ಧವಾದ ಅರಿವಿನ ಪರೀಕ್ಷೆಗಳು ಕನ್ನಡವೂ ಸೇರಿ ಐದು ಭಾಷೆಗಳಲ್ಲಿವೆ, ಅವುಗಳಲ್ಲಿ ತುಳು ಇಲ್ಲ. ಇಂಗ್ಲಿಷಿನಿಂದ ಅಲ್ಲೇ ಅನುವಾದಿಸಿ ಕೇಳುವ ಅವಸರದ ಪರೀಕ್ಷೆಗೆ ಒಪ್ಪಬೇಡಿ. ಹಾಗೆ ಬಂದ ಅಂಕಗಳಿಂದ ರೋಗ ಇದ್ದದ್ದಕ್ಕಿಂತ ಹೆಚ್ಚಾಗಿಯೋ ಕಡಿಮೆಯಾಗಿಯೋ ಕಾಣುತ್ತದೆ.

ಚಿಕಿತ್ಸೆಯ ಮಾತಿಗೆ ಬರುವ ಮೊದಲು, ಸರಿಪಡಿಸಬಹುದಾದ ಕಾರಣಗಳನ್ನು ಹುಡುಕಬೇಕು. ನಿಮ್ಮ ಪತ್ರದಲ್ಲೇ ಅಂಥವು ನಾಲ್ಕಿವೆ. ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆಯಾಗುವುದುಂಟು, ಆದ್ದರಿಂದ ವೈದ್ಯರು ಅದನ್ನು ಕೊಟ್ಟದ್ದು ತಪ್ಪೇನಲ್ಲ. ಆದರೆ ರಕ್ತದಲ್ಲಿ ಅದರ ಮಟ್ಟವನ್ನು ನೋಡದೆ ಕೊಟ್ಟಿದ್ದರೆ ಕೊರತೆ ಇತ್ತೋ ಇಲ್ಲವೋ ಎಂಬುದು ತಿಳಿಯದೆ ಉಳಿಯುತ್ತದೆ. ರಾತ್ರಿಯ ಅಲರ್ಜಿ ಮಾತ್ರೆಯ ಹೆಸರನ್ನು ನೀವು ಬರೆದಿಲ್ಲ. ಹಳೆಯ ತಲೆಮಾರಿನ, ನಿದ್ದೆ ಬರಿಸುವ ಅಲರ್ಜಿ ಮಾತ್ರೆಗಳು ಮೆದುಳಿನಲ್ಲಿ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ತಡೆಯುತ್ತವೆ, ಆಲ್ಝೈಮರ್‌ನಲ್ಲಿ ಮೊದಲೇ ಬತ್ತುವುದೂ ಅದೇ. ಮೂತ್ರದ ಅವಸರಕ್ಕೆ, ನಿದ್ದೆಗೆ, ಪಾರ್ಕಿನ್ಸನ್ ನಡುಕಕ್ಕೆ ಕೊಡುವ ಕೆಲವು ಮಾತ್ರೆಗಳೂ ಹೀಗೆಯೇ. ಆ ಒಂದು ಮಾತ್ರೆಯನ್ನು ಬದಲಿಸಿದ್ದರಿಂದಲೇ ಗಮನಾರ್ಹವಾಗಿ ಚುರುಕಾದವರನ್ನು ನಾನು ನೋಡಿದ್ದೇನೆ. ವೈದ್ಯರನ್ನು ಕೇಳದೆ ನೀವೇ ನಿಲ್ಲಿಸಬೇಡಿ, ಆದರೆ ಕೇಳುವುದನ್ನು ತಡಮಾಡಬೇಡಿ. ಕಿವಿ ಮಂದವಾಗಿದ್ದರೆ ಅರ್ಧ ಕೇಳಿದ ಮಾತಿಗೆ ಅಸಂಬದ್ಧ ಉತ್ತರ ಬರುತ್ತದೆ, ಮೆದುಳಿನ ಮೇಲೂ ಹೆಚ್ಚಿನ ಹೊರೆ ಬೀಳುತ್ತದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿಮಾಡಿದ, ಬದಲಿಸಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಶ್ರವಣದೋಷವೂ ಒಂದು. ನಾಲ್ಕನೆಯದು ದುಃಖ. ಪತ್ನಿಯ ಅಗಲಿಕೆಯ ನಂತರದ ಖಿನ್ನತೆ ನೆನಪಿನ ತೊಂದರೆಯ ವೇಷದಲ್ಲಿ ಬರುವುದುಂಟು, ಡಿಮೆನ್ಷಿಯಾದ ಜೊತೆಗೇ ಇರುವುದೂ ಉಂಟು, ಎರಡೂ ಸ್ಥಿತಿಯಲ್ಲಿ ಅದಕ್ಕೆ ಚಿಕಿತ್ಸೆ ಕೊಡಬೇಕು. ಇವುಗಳ ಜೊತೆಗೆ ಥೈರಾಯ್ಡ್, ಸೋಡಿಯಂ, ಮೂತ್ರಪಿಂಡ, ಯಕೃತ್ತಿನ ಪರೀಕ್ಷೆಗಳು ಆಗಿರಲಿ.

ಔಷಧಗಳ ಬಗ್ಗೆ ಆಸೆಯನ್ನು ಅಳತೆಯಲ್ಲಿಟ್ಟುಕೊಳ್ಳಿ. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್ ಇವು ಅಸೆಟೈಲ್‌ಕೋಲಿನ್ ಬೇಗ ಕರಗದಂತೆ ನೋಡಿಕೊಳ್ಳುತ್ತವೆ. ಮಧ್ಯಮ ಹಂತದಿಂದ ಮೆಮಂಟಿನ್ ಸೇರಿಸುವುದು ವಾಡಿಕೆ. ಕೆಲವರಲ್ಲಿ ಗಮನ ಸ್ವಲ್ಪ ಹೆಚ್ಚುತ್ತದೆ, ಮಾತು ಒಂದಿಷ್ಟು ಕಾಲ ಇದ್ದಲ್ಲೇ ನಿಲ್ಲುತ್ತದೆ, ಕೆಲವರಲ್ಲಿ ಏನೂ ಆಗುವುದಿಲ್ಲ, ರೋಗ ಮುಂದುವರಿಯುವುದಂತೂ ನಿಲ್ಲುವುದಿಲ್ಲ. ವಾಕರಿಕೆ, ಭೇದಿ, ಹಸಿವಿಲ್ಲದಿರುವುದು, ತೂಕ ಇಳಿಯುವುದು, ಕೆಟ್ಟ ಕನಸುಗಳು ಬರಬಹುದು. ಮೊದಲ ಗುಂಪಿನ ಔಷಧಗಳಿಂದ ಹೃದಯದ ಬಡಿತ ನಿಧಾನವಾಗಿ ತಲೆಸುತ್ತಿ ಬೀಳುವ ಅಪಾಯವೂ ಇರುವುದರಿಂದ ಶುರುಮಾಡುವ ಮೊದಲು ಒಂದು ಇಸಿಜಿ ಮಾಡಿಸುವುದು ಒಳ್ಳೆಯದು. ಹಣೆ ಮತ್ತು ಕಪೋಲ ಭಾಗಗಳಲ್ಲಿ ಶುರುವಾಗುವ ಬಗೆಗಳಿಗೆ ಈ ಗುಂಪಿನ ಔಷಧಗಳಿಂದ ಉಪಯೋಗವಿಲ್ಲ, ವರ್ತನೆ ಕೆಡುವುದೂ ಉಂಟು. ರೋಗದ ಬಗೆಯನ್ನು ಮೊದಲು ತಿಳಿಯಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಟಾನಿಕ್‌ಗಳಿಗೆ ಹಣ ಸುರಿಯಬೇಡಿ. ಗಿಂಕ್ಗೊ ಎಂಬ ಗಿಡದ ಸಾರವನ್ನು 75 ದಾಟಿದ 3,000ಕ್ಕೂ ಹೆಚ್ಚು ಜನರಿಗೆ ಕೊಟ್ಟು ನೋಡಿದ ಅಮೆರಿಕದ ಪ್ರಯೋಗದಲ್ಲಿ ಡಿಮೆನ್ಷಿಯಾ ಕಡಿಮೆಯಾಗಲಿಲ್ಲವೆಂದು 2008ರಲ್ಲೇ ತಿಳಿದಿತ್ತು. ಒಂದೆಲಗದ ತಂಬುಳಿಯನ್ನು ರುಚಿಗಾಗಿ ಧಾರಾಳವಾಗಿ ಮಾಡಿಕೊಡಿ, ಔಷಧವೆಂದು ನಂಬಿ ಪರೀಕ್ಷೆಯನ್ನು ಮುಂದೂಡಬೇಡಿ.

ನಿಮ್ಮ ತಮ್ಮ ಕೇಳಿರುವುದು ಬಹುಶಃ ಲೆಕಾನೆಮ್ಯಾಬ್ ಬಗ್ಗೆ. ಅಮಿಲಾಯ್ಡನ್ನು ತೆಗೆದುಹಾಕುವ ಈ ಔಷಧಕ್ಕೆ ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಮುಖ್ಯ ಪ್ರಯೋಗದಲ್ಲಿ 18 ತಿಂಗಳ ಕೊನೆಗೆ ಇಳಿತದ ವೇಗ ಶೇಕಡಾ 27ರಷ್ಟು ಕಡಿಮೆಯಿತ್ತು. ಕೇಳಲು ದೊಡ್ಡದೆನಿಸುವ ಈ ಅಂಕಿ, 18 ಅಂಕಗಳ ಮಾಪಕದಲ್ಲಿ ಅರ್ಧ ಅಂಕಕ್ಕಿಂತ ಕಡಿಮೆ ವ್ಯತ್ಯಾಸ. ಮನೆಯವರ ಕಣ್ಣಿಗೆ ಅದು ಕಾಣುತ್ತದೆಯೇ ಎಂಬ ಬಗ್ಗೆ ನಮ್ಮಲ್ಲೇ ಒಮ್ಮತವಿಲ್ಲ. ಹೋದ ಶಬ್ದಗಳು ಅದರಿಂದ ಮರಳುವುದಿಲ್ಲ. ಆರಂಭದ ಹಂತದಲ್ಲಿರುವವರಿಗೆ ಮಾತ್ರ, ಅದೂ ಪೆಟ್ ಸ್ಕ್ಯಾನ್ ಅಥವಾ ಬೆನ್ನುಹುರಿಯ ದ್ರವದ ಪರೀಕ್ಷೆಯಿಂದ ಅಮಿಲಾಯ್ಡ್ ಇರುವುದು ಖಚಿತವಾದ ಮೇಲೆ ಕೊಡುತ್ತಾರೆ. ಎರಡು ವಾರಕ್ಕೊಮ್ಮೆ ಡ್ರಿಪ್, ನಡುನಡುವೆ ಎಂಆರ್‌ಐ. ಪ್ರಯೋಗದಲ್ಲಿ ಔಷಧ ಪಡೆದ ನೂರರಲ್ಲಿ ಸುಮಾರು 13 ಮಂದಿಗೆ ಮೆದುಳಿನಲ್ಲಿ ಊತ, ಸುಮಾರು 17 ಮಂದಿಗೆ ಸಣ್ಣಪುಟ್ಟ ರಕ್ತಸ್ರಾವ ಕಂಡುಬಂದವು. ಹೆಚ್ಚಿನವರಿಗೆ ಲಕ್ಷಣಗಳಿಲ್ಲದೆ ಹೋದರೂ ಕೆಲವರಿಗೆ ಗಂಭೀರವಾಯಿತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು. ರೋಗನಿರ್ಣಯವೇ ಆಗದಿರುವಾಗ ಈ ಚರ್ಚೆ ತೀರ ಮುಂಚಿನದು ಎಂದು ತಮ್ಮನಿಗೆ ಹೇಳಿ.

ತಿದ್ದಬೇಕೇ ಎಂಬ ನಿಮ್ಮ ಪ್ರಶ್ನೆಯೇ ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಬೆಲೆಯುಳ್ಳದ್ದು, ಏಕೆಂದರೆ ಅದರ ಫಲ ನಾಳೆಯೇ ಕಾಣುತ್ತದೆ. ಅರ್ಥ ತಲುಪಿದರೆ ತಿದ್ದಬೇಡಿ. "ಅದು, ಮಳೆಗೆ ಹಿಡಿಯುವುದು" ಎಂದಾಗ "ಕೊಡೆಯೇ? ಇಗೋ ಅಪ್ಪ" ಎಂದು ಕೊಟ್ಟುಬಿಡಿ, ಶಬ್ದ ಅವರ ಕಿವಿಗೆ ಬಿತ್ತು, ಮಾನವೂ ಉಳಿಯಿತು. "ಇದೇನು ಹೇಳಿ ನೋಡೋಣ", "ನೆನಪಿಲ್ಲವಾ? ಈಗ ತಾನೇ ಹೇಳಿದೆನಲ್ಲ" ಎಂಬ ಮಾತುಗಳನ್ನು ಮನೆಯಿಂದ ಹೊರಗಿಡಿ. ಬದುಕಿಡೀ ಇನ್ನೊಬ್ಬರ ಉತ್ತರಪತ್ರಿಕೆ ತಿದ್ದಿದವರಿಗೆ ಮನೆಯವರೆಲ್ಲ ಪರೀಕ್ಷಕರಾಗುವುದು ಎಷ್ಟು ಚುಚ್ಚುತ್ತದೆಂದು ಊಹಿಸಿಕೊಳ್ಳಿ. ಮೊದಲ ಅಕ್ಷರವನ್ನು ಸೂಚಿಸುವುದು ಅವರಿಗೆ ಹಿಡಿಸಿದರೆ ಮುಂದುವರಿಸಿ, ಆದರೆ ತಕ್ಷಣವೇ ಬೇಡ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುವಷ್ಟು ಹೊತ್ತು ಕಾಯಿರಿ, ಅಷ್ಟರಲ್ಲಿ ಎಷ್ಟೋ ಸಲ ತಾನಾಗಿ ಬರುತ್ತದೆ. ವಾಕ್ಯ ಚಿಕ್ಕದಿರಲಿ, ಒಂದು ವಾಕ್ಯದಲ್ಲಿ ಒಂದೇ ಸಂಗತಿ ಇರಲಿ. "ಊಟಕ್ಕೆ ಏನು ಮಾಡಲಿ?" ಎಂಬುದಕ್ಕಿಂತ "ಕುಚ್ಚಲಕ್ಕಿ ಗಂಜಿಯೇ, ದೋಸೆಯೇ?" ಎಂಬ ಪ್ರಶ್ನೆ ಸುಲಭ. ಟಿವಿ ಆರಿಸಿ, ಮುಖ ಕಾಣುವಂತೆ ಎದುರು ಕುಳಿತು ಮಾತಾಡಿ. ಮಗುವಿನೊಡನೆ ಆಡುವಂತೆ ಮುದ್ದುಮುದ್ದಾಗಿ ಮಾತಾಡಬೇಡಿ. ಶಬ್ದ ಹೋದರೂ ದನಿಯಲ್ಲಿನ ತಾತ್ಸಾರವನ್ನು ಅವರು ಗ್ರಹಿಸುತ್ತಾರೆ. ಮಾತ್ರೆ, ಹಣ, ಗ್ಯಾಸ್ ಒಲೆ, ಬೀದಿ ದಾಟುವುದು, ಇಂಥ ಕಡೆ ಮಾತ್ರ ತಿದ್ದುವುದು ಅನಿವಾರ್ಯ, ಅಲ್ಲಿಯೂ ವಾದಕ್ಕಿಳಿಯದೆ ಕೈಯಾರೆ ಸರಿಪಡಿಸುವುದು ಒಳ್ಳೆಯದು.

ವಾಕ್ ಮತ್ತು ಭಾಷಾ ಚಿಕಿತ್ಸಕರನ್ನು ಕಾಣುವುದು ಉಪಯುಕ್ತ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಮತ್ತು ಕಿವಿ ಎರಡರ ಪರೀಕ್ಷೆಯೂ ಆಗುತ್ತದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ದಿನವೂ ಬೇಕಾಗುವ ಶಬ್ದಗಳನ್ನು, ಮನೆಯವರ ಹೆಸರುಗಳನ್ನು, ಫೋಟೊಗಳ ಜೊತೆ ಕ್ರಮವಾಗಿ ಅಭ್ಯಾಸ ಮಾಡಿಸಿದರೆ ಆ ಶಬ್ದಗಳು ಹೆಚ್ಚು ಕಾಲ ಉಳಿಯುತ್ತವೆ. ಅಭ್ಯಾಸ ಮಾಡದ ಶಬ್ದಗಳಿಗೆ ಅದರ ಲಾಭ ಹರಡುವುದು ಕಡಿಮೆ, ನಿಲ್ಲಿಸಿದರೆ ಜಾರುವುದೂ ಬೇಗ. ಆದ್ದರಿಂದ ಪಟ್ಟಿ ಚಿಕ್ಕದಿರಲಿ, ಅವರ ಬದುಕಿನದ್ದಿರಲಿ. ಪದಬಂಧ ಅವರಿಗೆ ಮೊದಲಿನಿಂದ ಇಷ್ಟವಿದ್ದರೆ ಸರಿ. ಚಿಕಿತ್ಸೆಯೆಂದು ಒತ್ತಾಯಿಸಿ ಕೂರಿಸುವುದು ಅವಮಾನಕ್ಕೆ ದಾರಿ.

ಒಂದು ವಿಷಯವನ್ನು ತಡಮಾಡಬಾರದು. ತನ್ನ ಮನಸ್ಸಿನಲ್ಲಿರುವುದನ್ನು ಹೇಳುವ ಶಕ್ತಿ ಅವರಿಗೆ ಇನ್ನೂ ಇದೆ. ಉಳಿತಾಯ, ಜಾಗ, ಉಯಿಲು, ಮುಂದೆ ಕಾಯಿಲೆ ಹೆಚ್ಚಾದಾಗ ಯಾವ ಚಿಕಿತ್ಸೆ ಬೇಕು ಯಾವುದು ಬೇಡ ಎಂಬುದನ್ನೆಲ್ಲ ಅವರು ಚುರುಕಾಗಿರುವ ಹೊತ್ತು ನೋಡಿ, ಬೇಕಿದ್ದರೆ ತುಳುವಿನಲ್ಲೇ, ಹಲವು ಸಲಕ್ಕೆ ಹಂಚಿ ಕೇಳಿಕೊಳ್ಳಿ. ನಮ್ಮ ದೇಶದಲ್ಲಿ ಸಾಮಾನ್ಯ ಪವರ್ ಆಫ್ ಅಟಾರ್ನಿ, ಬರೆದುಕೊಟ್ಟವರು ಅರಿವಿನ ಸಾಮರ್ಥ್ಯ ಕಳೆದುಕೊಂಡ ಮೇಲೆ ನಡೆಯುವುದಿಲ್ಲ. ಆಮೇಲೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ವಕೀಲರ ಸಲಹೆಯನ್ನು ಈಗಲೇ ಪಡೆಯಿರಿ. ಫೋನಿನಲ್ಲಿ ಒಟಿಪಿ ಕೇಳುವವರಿಗೆ ಇಂಥ ಹಿರಿಯರು ಸುಲಭವಾಗಿ ಸಿಕ್ಕಿಬೀಳುತ್ತಾರೆ, ಏಕೆಂದರೆ ಮಾತಿನ ಹಿಂದಿರುವ ಉದ್ದೇಶವನ್ನು ತೂಗುವ ಶಕ್ತಿ ಮಾತಿಗಿಂತ ಮೊದಲೇ ಕುಂದಿರಬಹುದು. ಖಾತೆಯಲ್ಲಿ ವಹಿವಾಟಿನ ಮಿತಿಯನ್ನು ಇಳಿಸಿಡಿ.

ವರ್ಷಗಳು ಕಳೆದಂತೆ ವಾಕ್ಯಗಳು ಚಿಕ್ಕದಾಗಬಹುದು, ನೀವು ಹೇಳಿದ್ದನ್ನೇ ಮರಳಿ ಹೇಳುವುದು ಬರಬಹುದು, ಕೊನೆಯ ಹಂತದಲ್ಲಿ ಮಾತು ಕೆಲವೇ ಶಬ್ದಗಳಿಗೆ ಇಳಿಯಬಹುದು. ಆ ಹೊತ್ತಿಗೆ ನುಂಗುವುದೂ ಕಷ್ಟವಾಗಿ ಅನ್ನ ನೀರು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿರುತ್ತದೆ. ಹೇಳಲಾಗದ ನೋವು ಸಿಟ್ಟಾಗಿ, ಹಟವಾಗಿ ಹೊರಬರುತ್ತದೆ. ಹಲ್ಲುನೋವು, ಮಲಬದ್ಧತೆ, ಮೂತ್ರದ ಸೋಂಕು ಇವೆಯೇ ಎಂದು ನೋಡದೆ ಆಂಟಿಸೈಕೋಟಿಕ್ ಎಂಬ, ಮನಸ್ಸನ್ನು ಮಂಕಾಗಿಸುವ ಮಾತ್ರೆಗೆ ಒಪ್ಪಬೇಡಿ. ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಅಂಥ ಮಾತ್ರೆಗಳು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಸಿದ್ದಾರೆ. ಲೂಯಿ ಬಾಡಿ ಬಗೆಯಲ್ಲಂತೂ ಅವು ಇನ್ನೂ ಅಪಾಯಕಾರಿ. ನಿಮಗೇ ದಣಿವಾದಾಗ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ, ಹಿರಿಯರ ವಿಷಯದ ಸಹಾಯಕ್ಕೆ 14567ಕ್ಕೆ ಕರೆ ಮಾಡಬಹುದು.

ನರರೋಗ ತಜ್ಞರ ಬಳಿಗೆ ಹೋಗುವ ಮೊದಲು ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಯಾವ ಶಬ್ದ ಸಿಗಲಿಲ್ಲ, ಬದಲಿಗೆ ಏನೆಂದರು, ಸುಳಿವು ಕೊಟ್ಟಾಗ ಬಂತೇ, ತುಳುವಿನಲ್ಲಿ ಅದೇ ಶಬ್ದ ಬಂತೇ. ಹಳೆಯ ಶಾಲೆಯ ದಿನಗಳ ಬಗ್ಗೆ ಅವರು ಐದು ನಿಮಿಷ ಮಾತಾಡಿದ್ದನ್ನು, ಅವರ ಒಪ್ಪಿಗೆ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ, ಎಂಆರ್‌ಐ ವರದಿಯ ಜೊತೆ ಅದರ ಸಿಡಿಯನ್ನೂ ಒಯ್ಯಿರಿ. ನಿಮ್ಮ ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಪರೀಕ್ಷೆ ನಡೆಯುವಾಗ ಎದುರಿಗಿದ್ದು ನೋಡಿದವರಿಗೆ ನಾಟಕದ ಅನುಮಾನ ಉಳಿಯುವುದು ಅಪರೂಪ. ಈ ನಡುವೆ ಒಂದೆರಡು ದಿನದಲ್ಲೇ ಮಾತು ಥಟ್ಟನೆ ಕೆಟ್ಟರೆ, ಬಾಯಿ ಓರೆಯಾದರೆ, ಕೈಕಾಲಿನ ಬಲ ಕುಂದಿದರೆ, ಅಥವಾ ಬಿದ್ದು ತಲೆಗೆ ಪೆಟ್ಟಾದ ಕೆಲವು ವಾರಗಳಲ್ಲಿ ಮಂಕು ಕವಿದರೆ ಅದನ್ನು ಡಿಮೆನ್ಷಿಯಾದ ಖಾತೆಗೆ ಹಾಕದೆ ಆ ಕ್ಷಣವೇ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.